ಒಪ್ಪಿಗೆಯ ಕಂಬಳಿ

ಕಪಾಟು ತೆರೆದಿತ್ತು. ಕಂಬಳಿ ಇರಲಿಲ್ಲ.

ಖಾಲಿ ಅರೆ ಕಣ್ಣಿಗೆ ಕಾಣುತ್ತಿದ್ದರೂ ನಾನು ಕೈ ಹಾಕಿ ತಡಕಾಡಿದೆ. ಮೇಲಿನ ಅರೆಯಲ್ಲಿ ಪ್ರೊಜೆಕ್ಟರ್ ಇತ್ತು. ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್‌ಗಳಿದ್ದವು. ಕಳ್ಳ ಅವುಗಳ ಮೇಲಿನ ಧೂಳನ್ನೂ ಮುಟ್ಟಿರಲಿಲ್ಲ. ಲ್ಯಾಪ್‌ಟಾಪ್ ಬಿಟ್ಟು, ಕುರಿಯ ನಾತ ಬೀರುವ ಕರಿ ಕಂಬಳಿ ಹೊತ್ತುಕೊಂಡು ಹೋಗುವವನು ಎಂಥ ಕಳ್ಳ?

"ಕಾಜಲ್!" ಎಂದು ಕೂಗಿದೆ. ಹುಡುಗಿಯರ ಕೋಣೆಗೆ ಓಡಿದೆ. ಅವಳ ಹಾಸಿಗೆ ಮಡಚಿಟ್ಟಿತ್ತು. ಕಂಬಳಿಯ ಜೊತೆಗೆ ಕಂಬಳಿ ತಂದವಳೂ ಮಾಯ!

ನನ್ನ ಹೆಸರು ಅನುರಾಧಾ. ಸಾಂಗಲಿ ಜಿಲ್ಲೆಯ ಜತ್ತದಲ್ಲಿ, ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮನೆಯಲ್ಲಿ ನಡೆಯುವ ಒಂದು ತರಬೇತಿಗೆ ನಾನು ಮುಖ್ಯಸ್ಥೆ. ಓದು ಮುಗಿಸಿ ಒಂದೆರಡು ವರ್ಷ ನೌಕರಿ ಮಾಡಿ ಬಂದ ಹುಡುಗ ಹುಡುಗಿಯರಿಗೆ ಇಲ್ಲಿ ನೀತಿ ಬರೆಯಲು ಕಲಿಸುತ್ತೇವೆ. ಸ್ಟಾರ್ಟಪ್‌ಗಳಿಗೆ ಸರ್ಕಾರ ಯಾವ ನಿಯಮ ಮಾಡಬೇಕು, ಯಾವ ಸವಲತ್ತು ಕೊಡಬೇಕು, ಯಾರನ್ನು ಕೇಳಿ ಕೊಡಬೇಕು—ಇದೆಲ್ಲ ಪಾಠ. ಮುಂಬೈಯಲ್ಲಿ ಕುಳಿತು ಕಲಿಸಿದರೆ ಬರೀ ಗಾಳಿಮಾತಾಗುತ್ತದೆಂದು ನಮ್ಮನ್ನು ಜತ್ತಕ್ಕೆ ಕಳಿಸಿದರು. ಬಂದ ಮೇಲೆ ನೋಡಿದರೆ ಇಲ್ಲಿ ಗಾಳಿ ಇನ್ನೂ ಜೋರು!

ಆ ದಿನ ಮಧ್ಯಾಹ್ನವೇ ಮುಂಬೈಯಿಂದ ಸಮಿತಿ ಬರುವುದಿತ್ತು. ನಮ್ಮ ಮಕ್ಕಳು ಬರೆದ ಕರಡಿನಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎಂದು ಅವರು ತೀರ್ಮಾನಿಸುವವರು. ಅವರ ವ್ಯವಸ್ಥೆಗೆಂದು ನಾನು ಹಿಂದಿನ ದಿನ ಸಾಂಗಲಿಗೆ ಹೋದವಳು, ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಿದ್ದೆ. ಚೀಲವನ್ನೂ ಕೆಳಗಿಟ್ಟಿರಲಿಲ್ಲ.

ಕರಡಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕಾಜಲ್ ಬರೆದ ಕಲಮು. ಅವಳು ಇದೇ ತಾಲೂಕಿನ ಮಾಡಗ್ಯಾಳ ಹಳ್ಳಿಯ ಕುರಿಗಾರರ ಮನೆಯ ಹುಡುಗಿ. ಮಾಡಗ್ಯಾಳ ಕುರಿಯ ಹೆಸರಿನಲ್ಲಿ ಯಾರೇ ಕಂಪನಿ ತೆಗೆಯಲಿ, ಆ ತಳಿಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದವರನ್ನು ಮೊದಲು ಕೇಳಬೇಕು, ಅವರಿಗೆ ಪಾಲು ಕೊಡಬೇಕು—ಇಷ್ಟೇ ಅದರ ಸಾರ. ಸಮಿತಿ ಒಂದೇ ಷರತ್ತು ಹಾಕಿತ್ತು. ಕುರಿಗಾರರ ಒಪ್ಪಿಗೆ ಕಣ್ಣಿಗೆ ಕಾಣಬೇಕು.

ಕುರಿಗಾರರು ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಆಗ ಕಾಜಲ್‌ಳ ಅಜ್ಜಿ ಯಮನವ್ವ ಒಂದು ಹೊಸ ಕಂಬಳಿ ತಂದು ಹಾಸಿದಳಂತೆ. "ಕುರಿಗಿ ಹಾಕೂ ಗುರ್ತು ಇದರ ಮ್ಯಾಲ ಹಾಕ್ರಿ. ತನ್ನ ಹಿಂಡಿನ ಗುರ್ತು ಸುಳ್ಳ ಅನ್ನಾಂವ ಇನ್ನೂ ಹುಟ್ಟಿಲ್ಲ" ಎಂದಳಂತೆ. ಒಬ್ಬ ಸುತ್ತು ಬರೆದ, ಒಬ್ಬ ತ್ರಿಶೂಲ ಬರೆದ, ಒಬ್ಬ ಚಂದ್ರ ಬರೆದ. ಕರಿ ಕಂಬಳಿಯ ತುಂಬ ಕೆಂಪು ಬಣ್ಣದ ಗುರುತುಗಳು. ಮರುದಿನವೇ ಅವರೆಲ್ಲ ಹಿಂಡು ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಮೇವಿಗೆ ಹೋದರು. ಇನ್ನು ಬರುವುದು ಮಳೆ ಬಿದ್ದ ಮೇಲೆ. ಆ ಕಂಬಳಿ ಹೋದರೆ ಇನ್ನೊಂದು ಮಾಡಿಸುವ ಹಾಗಿಲ್ಲ.

ನನ್ನ ಕೂಗಿಗೆ ಎಲ್ಲರೂ ಓಡಿ ಬಂದರು. ವ್ಯವಸ್ಥಾಪಕ ಶಿದ್ರಾಯ ಬಾಯಿತುಂಬ ಹಲ್ಲುಪುಡಿಯೊಂದಿಗೆ ಬಂದ. ಪುಣೆಯ ಹುಡುಗಿ ದೀಪಾಲಿ ಬಂದಳು. ತಾಯಿಯ ತವರು ಜತ್ತವಾದ್ದರಿಂದ ಅವಳಿಗೆ ಇಲ್ಲಿಯ ಮಾತು ಬರುತ್ತದೆ. ಶಿವಶರಣ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದ. ಇದೇ ಊರಿನ ಬೇದಾಣೆ, ಅಂದರೆ ಒಣದ್ರಾಕ್ಷಿ ವ್ಯಾಪಾರಿಗಳ ಮನೆಯ ಹುಡುಗ. ಮನೆ ಹತ್ತಿರವಿದ್ದರೂ ಇಲ್ಲಿಯೇ ಉಳಿದಿದ್ದ. ಕಾಜಲ್ ಮತ್ತು ಅವನು ಒಂದೇ ತಂಡ.

"ಮ್ಯಾಡಮ್, ಇಲ್ಲಿ ನೋಡ್ರಿ" ಎಂದ ಶಿದ್ರಾಯ.

ಕಪಾಟಿನ ಬಾಗಿಲ ಮೇಲೆ, ಹಿಡಿಯಿಂದ ಗೇಣು ದೂರದಲ್ಲಿ, ಅರಿಸಿನ ಬಳಿದಿತ್ತು. ಅಡ್ಡಡ್ಡ ಗೆರೆಗಳು. ಯಾರೋ ಕೈ ಒರೆಸಿದ ಹಾಗೆ.

"ಭಂಡಾರ" ಎಂದ ಶಿದ್ರಾಯ. ಕುರಿಗಾರರು ದೇವರ ಹೆಸರಿನಲ್ಲಿ ಹಚ್ಚಿಕೊಳ್ಳುವ ಅರಿಸಿನಕ್ಕೆ ಇಲ್ಲಿ ಭಂಡಾರ ಎನ್ನುತ್ತಾರೆ. "ಈ ಮನ್ಯಾಗ ಭಂಡಾರ ಯಾರ ಕೈಗಿ ಇರತೈತಿ? ನಾ ಹೆಸರ ಹೇಳೂದಿಲ್ಲ."

"ಏ, ಏನ್ ಮಾತಾಡತೀರಿ ನೀವು?" ಶಿವಶರಣ ಸಿಟ್ಟಾದ. "ಆಕಿ ಕಂಬಳಿ ಆಕಿ ಯಾಕ ಕದೀತಾಳ್ರಿ? ತಗದು ನೋಡಿರಬೇಕು, ಮತ್ತ ಎಲ್ಲೋ ಇಟ್ಟಿರಬೇಕು. ಆಕಿ ಬರೂ ತನಕಾ ಸುಮ್ಕಿರ್ರಿ."

ಅಷ್ಟರಲ್ಲಿ ಕಾಜಲ್ ಬಂದಳು. ಮುಖ ಬೆವರಿತ್ತು. ಹಣೆಗೆ ಅಂಗೈ ಒತ್ತಿದ ಹಾಗೆ ಭಂಡಾರ ಹರಡಿತ್ತು. ಎರಡೂ ಅಂಗೈ ಹಳದಿ. ತೆರೆದ ಕಪಾಟು ನೋಡಿದಳು. ನಮ್ಮ ಮುಖ ನೋಡಿದಳು.

"ಕಂಬಳಿ ಎಲ್ಲೈತ್ರಿ?" ಎಂದಳು.

ಅದನ್ನು ನಾವು ಅವಳನ್ನು ಕೇಳಬೇಕೆಂದಿದ್ದೆವು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಬ್ಬೊಬ್ಬರ ಹೆಗಲೂ ನೋಡಿದೆ. ಯಾರ ಕೈಯೂ ಮೇಲೇಳಲಿಲ್ಲ.

"ಮುಂಜಾನೆ ಎಲ್ಲಿ ಹೋಗಿದ್ದಿ ಕಾಜಲ್?"

ಅವಳು ತಲೆ ತಗ್ಗಿಸಿದಳು. "ಇಲ್ಲೇ ಹೊರಗ ಹೋಗಿದ್ನಿರಿ."

"ಹೊರಗ ಅಂದ್ರ ಎಲ್ಲಿ?"

ಅವಳು ಹಳದಿ ಅಂಗೈಗಳನ್ನು ಬೆನ್ನ ಹಿಂದೆ ಸರಿಸಿದಳು.

ಶಿದ್ರಾಯ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಮ್ಯಾಡಮ್, ಗುರ್ತು ಆಕೀನ ಬರದಾಳೋ ಏನೋ. ಸಮಿತಿಯವ್ರು ತಪಾಸ ಮಾಡ್ತಾರಂತ ಅಂಜಿ ಮುಚ್ಚಿಟ್ಟಾಳ. ಆ ಕಲಮು ತಗದು ಹಾಕ್ರಿ. ಆಕಿ ಹೆಸರೂ ತಗೀರಿ. ಇಲ್ಲಂದ್ರ ಒಂದು ಕೊಳೆತ ಹಣ್ಣಿಗೆ ಇಡೀ ಬುಟ್ಟಿ ಹೊರಗ ಒಗೀತಾರ."

"ಕಂಬಳಿ ಫೋಟೊ ಐತಲ್ಲ? ಆಕಿ ಮೊಬೈಲಿನ್ಯಾಗ?"

"ಕಳ್ಳಿ ಅನ್ನಿಸಿಕೊಂಡಾಕಿ ತಗದ ಫೋಟೊ ಯಾರು ನಂಬತಾರ್ರಿ?"

ಅವನ ಮಾತು ಸುಳ್ಳೆನ್ನುವ ಹಾಗಿರಲಿಲ್ಲ. ನಿಜವೆನ್ನಲು ಮನಸ್ಸು ಒಪ್ಪಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ನನ್ನ ತಲೆ. ಪೊಲೀಸರನ್ನು ಕರೆದರೆ ಸಮಿತಿ ಬರುವ ಹೊತ್ತಿಗೆ ಪಂಚನಾಮೆ ನಡೆಯುತ್ತಿರುತ್ತದೆ. ಕೊನೆಗೆ ಮನೆಯ ಮಾಲೀಕರಿಗೆ ಫೋನ್ ಮಾಡಿದೆ.

ಮಾಲೀಕರೆಂದರೆ ಹತ್ತಿರದ ಯಳವಿ ಹಳ್ಳಿಯ ಶಿವಯೋಗೆಪ್ಪ, ನಿವೃತ್ತ ಪೊಲೀಸ್ ಫೌಜದಾರರು. ನಮ್ಮ ಮಕ್ಕಳಿಗೆ ಒಂದು ಪಾಠ ಕೂಡ ಮಾಡಿದ್ದರು. "ನೀವು ಕಲತವ್ರು ಉತ್ತರ ಕಿಸೇದಾಗ ಇಟಗೊಂಡ ಹಳ್ಳಿಗೆ ಪ್ರಶ್ನಿ ಕೇಳಾಕ ಹೋಗತೀರಿ" ಎಂದು ಬೈದು, ಚಹಾ ಕುಡಿದು ಹೋಗಿದ್ದರು. ಸುದ್ದಿ ಕೇಳಿದ್ದೇ ತಡ, ಸ್ನಾನವನ್ನೂ ಮಾಡದೆ ಮೋಟರ್‌ಸೈಕಲ್ ಹತ್ತಿ ಬಂದುಬಿಟ್ಟರು.

"ಕಳವು ನನ್ನ ಮನ್ಯಾಗ ಆಗೇತಿ. ನಾನ ನೋಡತೀನಿ" ಎಂದರು. "ಯಾರೂ ಕಪಾಟ ಮುಟ್ಟಬ್ಯಾಡ್ರಿ. ಆ ಅರಿಶಿಣಾ ಒರಸಬ್ಯಾಡ್ರಿ."

ಬೀಗ ನೋಡಿದರು. ಒಡೆದಿರಲಿಲ್ಲ. ಚಾವಿ ಆಫೀಸಿನ ಗೋಡೆಯ ಮೊಳೆಗೆ ಎಂದಿನಂತೆ ತೂಗುತ್ತಿತ್ತು. ಅದನ್ನು ಬೆಳಕಿಗೆ ಹಿಡಿದರು. ಕಪಾಟಿನ ಹಿಡಿಯನ್ನು ಬಗ್ಗಿ ನೋಡಿದರು, ಮೂಸಿದರು. ಮುಖ ಗಂಟು ಹಾಕಿಕೊಂಡರು.

ಮೊದಲು ಶಿದ್ರಾಯನನ್ನು ಕರೆದರು.

"ಚಾವಿ ಇಲ್ಲಿರತೈತಿ ಅಂತ ಯಾರ್ಯಾರಿಗಿ ಗೊತ್ತು?"

"ಎಲ್ಲಾರಿಗೂ ಗೊತ್ರಿ."

"ಹಂಗಿದ್ರ ಕೀಲಿ ಯಾಕ ಹಾಕತೀಯೋ ಮಾರಾಯಾ?"

"ನಿಯಮ ಐತ್ರಿ, ಹಾಕಬೇಕು."

"ಆ ಹುಡುಗಿ ಕಲಮು ನಿನಗ ಸೇರೂದಿಲ್ಲಂತ?"

ಶಿದ್ರಾಯ ಬೆವರಿದ. "ಕಂಪನಿ ಮಂದಿ ಅಂಜತಾರ ಅಂದಿದ್ನಿರಿ. ಹಂಗಂತ ಕಳವು ಮಾಡ್ಲಾ? ಮುಂಜಾನೆ ಹಾಲಿನವಗ ಬಾಗಲಾ ತಗದು ಮತ್ತ ಮಲಕ್ಕೊಂಡಾಂವ ನಾನು!"

ಮುಂದೆ ದೀಪಾಲಿ.

"ನಾ ಮಾಳಗಿ ಮ್ಯಾಲ ಹಲ್ಲ ತಿಕ್ಕಾಕ ಹೋಗಿದ್ದೆ, ಕಾಕಾ. ಥಂಡಿ ಭಾಳ ಇತ್ತು. ಗೇಟಿನಿಂದ ಒಬ್ಬರು ಹೊರಗ ಹೋದ್ರು. ತಲಿ ಮ್ಯಾಲಿಂದ ಕರಿ ಕಂಬಳಿ ಹೊದ್ದಿದ್ರು. ನಾ 'ಕಾಜಲ್' ಅಂತ ಕರದೆ. ತಿರಗಿ ನೋಡಲಿಲ್ಲ."

"ಕಾಜಲ್‌ನ ಅಂತ ಹ್ಯಾಂಗ ಗೊತ್ತಾತು?"

"ಕಂಬಳಿ ಇತ್ತಲ್ಲ?"

"ಮಾರಿ ನೋಡ್ದಿ?"

"ಇಲ್ಲ."

"ಮತ್ತ ಕಂಬಳಿಗಿ ಹೆಸರ ಇಟ್ಟಿ ನೀನು!"

ದೀಪಾಲಿ ಅಳುಮುಖ ಮಾಡಿದಳು. ಹೇಳಿದ್ದೂ ಕಾಜಲ್‌ಗೆ ಮುಳುವಾಯಿತು, ಹೇಳದೆ ಇದ್ದರೂ ತಪ್ಪಾಗುತ್ತಿತ್ತು.

ಶಿವಶರಣ, ಫೌಜದಾರರು ಕೇಳುವ ಮೊದಲೇ ಮಾತಾಡಿದ. "ನಾ ಸ್ಲೈಡ್ ಮಾಡಿ ಮಲಗಿದ್ನಿ ಕಾಕಾ. ಮುಂಜಾನೆ ಎದ್ದು ಗಾಡಿ ತೊಳದೆ, ಜಳಕಾ ಮಾಡಿದೆ. ಕಾಜಲ್ ಮ್ಯಾಲ ಸಂಶಯ ಬ್ಯಾಡ್ರಿ. ಮನಿಮಂದಿ ಒತ್ತಾಯಕ್ಕ ಏನರ ಮಾಡಿರಬಹುದು, ಆದ್ರ ಮನಸಿನಿಂದ ಕೆಟ್ಟಾಕಿ ಅಲ್ಲ."

ಎಷ್ಟು ಒಳ್ಳೆಯ ಗೆಳೆಯ ಎಂದುಕೊಂಡೆ. ಆದರೂ ಆ ಮಾತು ಕೇಳಿದ ಮೇಲೆ ನನ್ನ ಸಂಶಯ ಕಡಿಮೆಯಾಗುವ ಬದಲು ಹೆಚ್ಚಾಯಿತು. ಯಾಕೆಂದು ಆಗ ಹೊಳೆಯಲಿಲ್ಲ.

ಕೊನೆಗೆ ಕಾಜಲ್.

"ಕುಂದ್ರು ತಂಗಿ. ಮುಂಜಾನೆ ಎಲ್ಲಿ ಹೋಗಿದ್ದಿ?"

"ಹೇಳಾಕ ನಾಚಿಕಿ ಬರತೈತ್ರಿ ಮುತ್ಯಾ. ಕಂಬಳಿ ನಾ ಒಯ್ದಿಲ್ಲ."

"ಕೈಗಿ ಭಂಡಾರ ಯಾಕ?"

"ದೊಡ್ಡ ಕೆಲಸಕ್ಕ ಹೊಂಟಾಗ ಹಚಗೋತೀವ್ರಿ. ಇವತ್ತಿಗಿಂತಾ ದೊಡ್ಡ ಕೆಲಸ ಯಾವದೈತ್ರಿ ನನಗ?" ಅವಳ ದನಿ ಒಡೆಯಿತು. "ಮಂದಿ ನನ್ನ ನಂಬಿ ಗುರ್ತು ಹಾಕ್ಯಾರ್ರಿ. ಹೊಳಿ ಕಡೆಯಿಂದ ಬಂದು 'ನಮ್ಮ ಗುರ್ತು ಏನ್ ಮಾಡ್ದಿ' ಅಂತ ಕೇಳಿದ್ರ ಏನ್ ಹೇಳ್ಲಿ? ಕಲಮು ಹೋದ್ರ ಹೋಗ್ಲಿ. ಊರಾಗ ಹ್ಯಾಂಗ ಬಾಳೇ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. ಎದ್ದು ಹೊರಗೆ ಬಂದೆ. ಶಿದ್ರಾಯ ಹಿಂದೆಯೇ ಬಂದ. "ಸಮಿತಿಯವ್ರು ಮಿರಜ ದಾಟ್ಯಾರಂತ್ರಿ. ಹೆಸರ ತಗೀಲಿ?"

"ತಡಿ" ಎಂದೆ. ಏನನ್ನು ತಡೆಯಬೇಕೆಂದು ನನಗೇ ತಿಳಿದಿರಲಿಲ್ಲ.

ಫೌಜದಾರರು ಅಂಗಳದಲ್ಲಿ ನಿಂತಿದ್ದರು. ಏನು ತಿಳಿಯಿತೆಂದು ಕೇಳಿದೆ.

"ಏನೂ ತಿಳೀವಲ್ದು ಬಾಯಾರ" ಎಂದರು. "ಮೂವತ್ತು ವರ್ಷ ನೌಕರಿ ಮಾಡೇನಿ, ತನ್ನ ವಸ್ತು ತಾನ ಕದ್ದವ್ರನ್ನೂ ನೋಡೇನಿ. ಇದು ಆ ಜಾತೀದಲ್ಲ. ನಾ ಜಳಕಾ ಮಾಡಿ ಬರತೀನಿ. ಹೊಟ್ಯಾಗ ಚಹಾ ಸೈತ ಬಿದ್ದಿಲ್ಲ."

ನನಗೆ ಸಿಟ್ಟು ಬಂತು. ಮನೆಗೆ ಬೆಂಕಿ ಬಿದ್ದಾಗ ಇವರಿಗೆ ಸ್ನಾನವೇ? ಹಿತ್ತಲಿನಲ್ಲಿ ಅವರದೊಂದು ಕೋಣೆ ಇತ್ತು. ಅಲ್ಲೇ ಸ್ನಾನ, ಅಲ್ಲೇ ಲಿಂಗಪೂಜೆ. ನಾನು ಹೊಸ್ತಿಲಲ್ಲಿ ಚಡಪಡಿಸುತ್ತ ನಿಂತೆ. ಪೂಜೆ ಮುಗಿಯಿತು. ಅವರು ಗೋಡೆಯ ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳಲು ಹೋದರು. ಕೈ ಹಣೆಯ ಹತ್ತಿರ ನಿಂತುಬಿಟ್ಟಿತು.

ತಮ್ಮ ಕೈಯನ್ನೇ ನೋಡಿಕೊಂಡರು. ಕನ್ನಡಿ ನೋಡಿದರು. ಮತ್ತೆ ಕೈ ನೋಡಿಕೊಂಡರು.

"ಏನಾತ್ರಿ?"

"ಬಾಯಾರ, ನಾ ಪ್ಯಾಟಿಗಿ ಹೋಗಿ ಬರತೀನಿ. ಆ ಹುಡುಗಿ ಹೆಸರ ತಗೀಬ್ಯಾಡ್ರಿ."

"ಪ್ಯಾಟಿಗಿ ಯಾಕ್ರಿ?"

"ಹೊಸಾ ಕೀಲಿ ತರಾಕ."

ಕದ್ದು ಹೋದ ಮೇಲೆ ಕೀಲಿ! ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಗಾಡಿ ಹತ್ತುವ ಮೊದಲು ಅವರು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರು. ಅಲ್ಲಿ ಬೇರೆಯವರ ಗಾಡಿಗಳನ್ನು ನೋಡುತ್ತಿದ್ದರು. ವಯಸ್ಸಾಯಿತು, ತಮ್ಮ ಗಾಡಿ ಯಾವುದೆಂದು ಮರೆತರೇನೋ ಎಂದುಕೊಂಡೆ.

ಮರಳಿ ಬಂದಾಗ ಅವರ ಕೈಯಲ್ಲಿ ಹೊಸ ಬೀಗವಿತ್ತು, ಒಂದು ಪೊಟ್ಟಣ ಅರಿಸಿನವಿತ್ತು. ಎಲ್ಲರನ್ನೂ ಕಪಾಟಿನ ಮುಂದೆ ನಿಲ್ಲಿಸಿದರು. ಅರಿಸಿನವನ್ನು ತಾಟಿಗೆ ಸುರಿದರು.

"ಕಂಬಳಿ ಸಿಗಲಿಲ್ಲ" ಎಂದರು. "ಇರ್ಲಿ. ದೊಡ್ಡ ಮಂದಿ ಬರಾಕತ್ತಾರ. ಹೊಸಾ ಕೀಲಿ ಹಾಕೂದೈತಿ, ಮೊದಲ ಕಪಾಟಿಗಿ ಪೂಜಾ ಆಗ್ಲಿ. ಎಲ್ಲಾರೂ ಅರಿಶಿಣಾ ಹಚ್ಚರಿ. ಹಳೇ ಗುರ್ತಿನ ಪಕ್ಕದಾಗ ಹಚ್ಚರಿ, ಅದನ್ನ ಅಳಸಬ್ಯಾಡ್ರಿ."

ಇವರಿಗೆ ನಿಜಕ್ಕೂ ಅರಳುಮರಳು ಎನ್ನಿಸಿತು. ಆದರೆ ಫೌಜದಾರರ ದನಿಗೆ ಯಾರೂ ಇಲ್ಲವೆನ್ನಲಿಲ್ಲ.

ದೀಪಾಲಿ ಉಂಗುರ ಬೆರಳಿನಿಂದ ಪುಟ್ಟ ಬೊಟ್ಟಿಟ್ಟಳು. ಶಿದ್ರಾಯ ಹೆಬ್ಬೆರಳಿನಿಂದ ಒಂದು ನಾಮದಂತೆ ತೀಡಿದ. ಕಾಜಲ್ ಒಂದು ಚಿಟಿಕೆ ಮೇಲಕ್ಕೆ ತೂರಿ, ಉಳಿದದ್ದನ್ನು ಅಂಗೈಯಿಂದ ಒತ್ತಿದಳು. ಇಡೀ ಅಂಗೈ ಮೂಡಿತು.

ನನ್ನ ಸರದಿ ಬಂತು. ನಾನು ಏನೂ ಯೋಚಿಸಲಿಲ್ಲ. ಕೈ ತಾನಾಗಿ ಹೋಯಿತು, ಹಚ್ಚಿತು.

ತಾಟು ಶಿವಶರಣನ ಮುಂದೆ ಬಂತು. ಅವನು ಬೆರಳು ಅದ್ದಿದ. ಕಪಾಟಿನ ಕಡೆ ಕೈ ಎತ್ತಿದ. ನಾನು ಹಚ್ಚಿದ್ದನ್ನು ನೋಡಿದ. ಅದರ ಪಕ್ಕದ ಹಳೆಯ ಗುರುತು ನೋಡಿದ. ಕೈ ಅರೆಕ್ಷಣ ತಡೆಯಿತು. ಆಮೇಲೆ ಉಂಗುರ ಬೆರಳಿನಿಂದ ಒಂದು ಸಣ್ಣ ಬೊಟ್ಟಿಟ್ಟು ಹಿಂದೆ ಸರಿದ.

"ಮುಗೀತು" ಎಂದರು ಶಿವಯೋಗೆಪ್ಪ. ತಾಟು ಕೆಳಗಿಟ್ಟರು. "ಕಂಬಳಿ ಎಲ್ಲಿಟ್ಟಿ ಶಿವಶರಣಾ?"

ಎಲ್ಲರೂ ಅವನ ಕಡೆ ತಿರುಗಿದರು.

"ನಾ... ನನಗೇನ ಗೊತ್ರಿ ಕಾಕಾ?"

"ಹೊರಗ ನಿನ್ನ ಗಾಡಿ ನಿಂತೈತಿ. ಅದರ ಹಣಿ ಮ್ಯಾಲ ಮುಂಜಾನೆ ಹಚ್ಚಿದ ವಿಭೂತಿ ಐತಿ. ಮೂರು ಗೆರಿ. ನಿನ್ನ ಹಣಿ ಮ್ಯಾಲ ಮೂರು ಗೆರಿ. ನಿಮ್ಮ ಕಾಕಾನ ಅಂಗಡಿ ಗಲ್ಲಾಪೆಟಗಿ ಮ್ಯಾಲ ಮೂರು ಗೆರಿ. ಇಲ್ಲಷ್ಟ ಯಾಕಪಾ ಬೊಟ್ಟು?"

ನಾನು ಕಪಾಟು ನೋಡಿದೆ. ಬೆಳಗಿನಿಂದ ಕಣ್ಣ ಮುಂದೆಯೇ ಇದ್ದ ಆ ಹಳೆಯ ಗುರುತು ಮತ್ತು ನಾನು ಈಗ ಹಚ್ಚಿದ್ದು ಅಕ್ಕತಂಗಿಯರ ಹಾಗಿದ್ದವು. ಜೋಡಿಸಿದ ಮೂರು ಬೆರಳು, ಎಡದಿಂದ ಬಲಕ್ಕೆ ಎಳೆದ ಮೂರು ಗೆರೆ! ಹುಟ್ಟಿದಾಗಿನಿಂದ ವಿಭೂತಿ ಹಚ್ಚಿದ ಕೈ ಅರಿಸಿನವನ್ನೂ ಹಾಗೆಯೇ ಹಚ್ಚಿತ್ತು.

"ಇದು ನನಗೂ ಮುಂಜಾನೆ ಹೊಳೀಲಿಲ್ಲ" ಎಂದರು ಫೌಜದಾರರು. "ಹ್ಯಾಂಗ ಹೊಳೀಬೇಕು? ನನ್ನ ಕೈನೂ ದಿನಾ ಅದನ್ನ ಬರೀತೈತಿ. ದಿನಾ ನೋಡೂದು ಕಣ್ಣಿಗಿ ಕಾಣೂದಿಲ್ಲ. ಕನ್ನಡಿ ಮುಂದ ನಿಂತಾಗ ಕಂಡ್ತು. ಕುರಿ ಕಾಯೂ ಮಂದಿ ಭಂಡಾರ ಒತ್ತತಾರ, ತೂರತಾರ. ಗೆರಿ ಎಳಿಯೂದಿಲ್ಲ. ಗೆರಿ ಎಳಿಯೂ ಕೈ ಈ ಮನ್ಯಾಗ ಯಾರ್ಯಾರದು? ನಂದು—ನಾ ಯಳವ್ಯಾಗ ಇದ್ದೆ. ಬಾಯಾರದು—ಅವ್ರು ಸಾಂಗಲ್ಯಾಗ ಇದ್ರು. ಉಳದಾಂವ ನೀನು."

"ಅಷ್ಟಕ್ಕ ಕಳ್ಳ ಅಂತೀರಾ?" ಶಿವಶರಣನ ದನಿ ಏರಿತು.

"ಅಷ್ಟಕ್ಕ ಅಲ್ಲ. ನೀ ಮೂರು ಗೆರಿ ಹಚ್ಚಿದ್ರ ನಾ ಇನ್ನೂ ಗೊಂದಲದಾಗ ಇರತಿದ್ನಿ. ಬಾಯಾರೂ ಹಚ್ಚ್ಯಾರಲ್ಲ, ಅವ್ರ ಕಳ್ಳರ? ಆದ್ರ ನೀ ಹಚ್ಚಾಕ ಹೋದಾಂವ ಕೈ ತಡದಿ. ಬಾಯಾರ ಗೆರಿ ಹಳೇ ಗೆರಿ ಪಕ್ಕದಾಗ ಮೂಡಿದ್ದು ನೋಡಿ ನಿನ್ನ ಎದಿ ಧಸಕ್ ಅಂತು. ಆ ಹಳೇ ಗೆರಿ ಅಂದ್ರ ಏನು ಅಂತ ಇಲ್ಲಿ ಯಾರಿಗೂ ನಾ ಹೇಳಿದ್ದಿಲ್ಲ. ಅದಕ್ಕ ಅಂಜಾಂವ ಯಾರು? ಅದನ್ನ ಎಳದಾಂವ ಒಬ್ಬನ."

ಶಿವಶರಣ ಗೋಡೆಗೆ ಒರಗಿದ.

"ಇನ್ನೊಂದು ಮಾತು, ಬಾಯಾರ. ಚಾವಿಗಿ ಅರಿಶಿಣಾ ಇಲ್ಲ. ಹಿಡಿಕಿಗಿ ಇಲ್ಲ. ಬಾಗಲದ ಮ್ಯಾಲಷ್ಟ ಐತಿ. ಹಳದಿ ಕೈಯಿಂದ ಕಪಾಟ ತಗದಾಕಿ ಮೊದಲ ಚಾವಿ ಮುಟ್ಟಬೇಕೋ ಬ್ಯಾಡೋ? ಅರಿಶಿಣಾ ಅಲ್ಲಿ ಹತ್ತಿಲ್ಲ, ಯಾರೋ ಹಚ್ಚ್ಯಾರ."

"ಆದ್ರ ಯಾಕ್ರಿ?" ಎಂದೆ. "ಕಂಬಳಿ ಒಯ್ದಿದ್ರ ಸಾಕಿತ್ತಲ್ಲ?"

"ಸಾಕಾಗತಿರಲಿಲ್ಲ. ಬರೇ ಕಂಬಳಿ ಹೋಗಿದ್ರ ಫೋಟೊ ಇತ್ತು. 'ಕಳವಾಗೇತಿ, ಪಾಪ, ಫೋಟೊ ನೋಡ್ರಿ' ಅಂತ ಸಮಿತಿ ಮುಂದ ಹೇಳಬಹುದಿತ್ತು. ಕಾಜಲ್‌ ತಾನ ಮುಚ್ಚಿಟ್ಟಾಳ ಅಂದ್ರ? ಫೋಟೊನೂ ಸುಳ್ಳು, ಗುರ್ತೂ ಸುಳ್ಳು, ಕಲಮೂ ಸುಳ್ಳು. ಅದಕ್ಕ ಈ ಹುಡುಗ ಎಲ್ಲಾರಕಿಂತ ಜೋರ ಆಕಿ ಪರ ಮಾತಾಡಿದ. 'ತಗದು ಎಲ್ಲೋ ಇಟ್ಟಿರಬೇಕು' ಅಂದ. 'ಮನಿಮಂದಿ ಒತ್ತಾಯಕ್ಕ ಮಾಡಿರಬಹುದು' ಅಂದ. ಬೆನ್ನ ಸವರಿಕೋತ ಬಾವಿಗಿ ನೂಕಿದ."

ಬೆಳಗ್ಗೆ ನನ್ನ ಸಂಶಯ ಯಾಕೆ ಹೆಚ್ಚಾಯಿತೆಂದು ಈಗ ತಿಳಿಯಿತು.

"ಪ್ಯಾಟ್ಯಾಗ ಇವರ ಕಾಕಾನ ಅಂಗಡಿಗಿ ಹೋಗಿದ್ನಿ" ಎಂದರು ಶಿವಯೋಗೆಪ್ಪ. "ಬೇದಾಣಿ ತಿನಸಿದ, ಚಹಾ ಕುಡಿಸಿದ. 'ನಮ್ಮ ಹುಡುಗ ಭಾಳ ಹುಷಾರ್ರಿ, ನನ್ನ ಹೆಸರಿಲೆ ಕಂಪನಿ ತಗದಾನ, ಮಾಡಗ್ಯಾಳ ಮರಿ ಮೊಬೈಲಿನ್ಯಾಗ ಪುಣೆ ತನಕಾ ಮಾರತಾನ' ಅಂತ ಹೆಮ್ಮಿಲೆ ಹೇಳಿದ. ಆ ಕಲಮು ಪಾಸಾದ್ರ ಮೊದಲ ಪಾಲು ಕೊಡಬೇಕಾದಾಂವ ಇವನ. ಪ್ಯಾಟ್ಯಾಗ ಎಲ್ಲಾರಿಗೂ ಗೊತ್ತೈತಿ. ನಿಮಗಷ್ಟ ಗೊತ್ತಿಲ್ಲ."

ತರಬೇತಿಗೆ ಸೇರುವಾಗ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇವೆ. ನೀವು ಬರೆಯುವ ನೀತಿಯಲ್ಲಿ ನಿಮ್ಮ ಸ್ವಂತ ಲಾಭವೇನಾದರೂ ಇದೆಯೇ? ಇದ್ದರೆ ತಪ್ಪಲ್ಲ, ಹೇಳದೆ ಇರುವುದು ತಪ್ಪು. ಶಿವಶರಣ ನಗುತ್ತ "ಇಲ್ಲ" ಎಂದಿದ್ದ. ನಾನು ನಗುತ್ತ ನಂಬಿದ್ದೆ.

"ಕಂಬಳಿ ಎಲ್ಲೈತಿ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಂಗಡಿ ಅಟ್ಟದ ಮ್ಯಾಲ... ಬೇದಾಣಿ ಡಬ್ಬಿ ಹಿಂದ" ಎಂದ ಶಿವಶರಣ. "ಹೊದಕೊಂಡ ಹೋದೆ. ಥಂಡ್ಯಾಗ ಕಂಬಳಿ ಹೊದ್ದಾಂವನ್ನ ಯಾರೂ ನೋಡೂದಿಲ್ಲ ಅಂತ. ಸುಡಬೇಕಂದಿದ್ನಿ ಮ್ಯಾಡಮ್. ಉಣ್ಣಿ ಸುಟ್ರ ಓಣಿಗೆಲ್ಲಾ ನಾತ ಬರತೈತಿ. ಮತ್ತ... ಕಂಬಳಿರಿ ಅದು. ಅದರ ಮ್ಯಾಲ ದೇವರ ಕುಂದ್ರಸತಾರ. ಕೈ ಬರಲಿಲ್ಲ."

ಕಾಜಲ್ ಅವನ ಎದುರಿಗೆ ಬಂದು ನಿಂತಳು.

"ಕಂಪನಿ ಐತಿ ಅಂತ ನನಗರ ಹೇಳಬೇಕಿತ್ತಿಲ್ಲೋ? ಕೂತು ಬರೀತಿದ್ವಿ. ನಿನ್ನಂಥಾ ಸಣ್ಣ ಕಂಪನಿಗಿ ಸ್ವಲ್ಪ ವರ್ಷ ವಿನಾಯ್ತಿ ಕೊಡ್ರಿ ಅಂತ ನಾನ ಬರೀತಿದ್ನಿ."

ಅವನು ಅತ್ತುಬಿಟ್ಟ. ಶಿದ್ರಾಯ ಅವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೋದ. ಕಂಬಳಿ ಬಂತು. ಬೇದಾಣೆಯ ವಾಸನೆ ಹಿಡಿದಿತ್ತು, ಗುರುತುಗಳು ಹಾಗೆಯೇ ಇದ್ದವು. ಶಿವಶರಣ ತನ್ನ ಸಾಮಾನು ಕಟ್ಟಿಕೊಂಡ. ನಾನು ತಡೆಯಲಿಲ್ಲ.

"ಅದಿರ್ಲಿ ತಂಗಿ" ಎಂದರು ಫೌಜದಾರರು. "ಮುಂಜಾನೆ ಎಲ್ಲಿ ಹೋಗಿದ್ದಿ? ಇಷ್ಟು ಹೊತ್ತು ನನ್ನ ತಲಿ ತಿಂದ್ಯಲ್ಲಾ!"

ಕಾಜಲ್ ಕೆಂಪಗಾದಳು. "ಕಾಲೇಜ ಮೈದಾನಕ್ರಿ. ಇಂಗ್ಲಿಷ್ ಮಾತಾಡೂದು ರೂಢಿ ಮಾಡಾಕ. ಇಲ್ಲಿ ಮಾಡಿದ್ರ ದೀಪಾಲಿ ನಗತಾಳಂತ..."

"ನಾ ಯಾಕ ನಗಲಿ?" ಎಂದಳು ದೀಪಾಲಿ, ನಗುತ್ತಲೇ.

ಊಟ ಮುಗಿಯುವಷ್ಟರಲ್ಲಿ ಸಮಿತಿ ಬಂತು. ಅಧ್ಯಕ್ಷೆ ಮುಂಬೈಯ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು, ಇಂಗ್ಲಿಷ್ ಬಿಟ್ಟು ಮಾತಾಡದವರು. ಕಾಜಲ್ ಕಂಬಳಿಯನ್ನು ಮೇಜಿನ ಮೇಲೆ ಹರಡಿದಳು. ಭಾಷಣ ಶುರು ಮಾಡುವ ಮೊದಲೇ ಅಧ್ಯಕ್ಷೆ ಕೈ ಎತ್ತಿ, ಈ ಕಲಮಿನಿಂದ ಲಾಭವಾಗುವವರು ನಿಮ್ಮ ತಂಡದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ತಂಡದಲ್ಲಿ ಈಗ ಉಳಿದವಳು ಅವಳೊಬ್ಬಳೇ. ಇಲ್ಲ ಎಂದರೆ ಯಾರೂ ಮತ್ತೆ ಕೇಳುವವರಿರಲಿಲ್ಲ.

"ಅದೀನ್ರಿ, ನಾನ ಅದೀನಿ" ಎಂದಳು ಕಾಜಲ್. ರೂಢಿ ಮಾಡಿದ ಇಂಗ್ಲಿಷ್ ಆ ಗಳಿಗೆಗೆ ಒದಗಲಿಲ್ಲ. "ನಮ್ಮ ಮನ್ಯಾಗ ಮಾಡಗ್ಯಾಳ ಕುರಿ ಅದಾವ. ಕಲಮು ಆದ್ರ ನಮಗೂ ಪಾಲು ಬರತೈತಿ."

ದೀಪಾಲಿ ಎದ್ದು ನಿಂತು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಮಿತಿಯವರು ಮುಖ ಮುಖ ನೋಡಿಕೊಂಡರು. ಶಿದ್ರಾಯ ಹಣೆ ಚಚ್ಚಿಕೊಂಡ. ಗೆದ್ದ ಆಟವನ್ನು ಹುಡುಗಿ ತನ್ನ ಕೈಯಾರೆ ಸೋತಳೆಂದು ನನಗೂ ಅನ್ನಿಸಿತು.

ಅಧ್ಯಕ್ಷೆ ಕಂಬಳಿಯ ಮೇಲೆ ಬಗ್ಗಿದರು. ಸುತ್ತು, ತ್ರಿಶೂಲ, ಚಂದ್ರ ಎಲ್ಲವನ್ನೂ ನೋಡಿದರು. ಇದರಲ್ಲಿ ನಿಮ್ಮ ಮನೆಯ ಗುರುತು ಯಾವುದು ಎಂದು ಕೇಳಿದರು.

"ನಮ್ಮದು ಇಲ್ರಿ" ಎಂದಳು ಕಾಜಲ್. "ನಮ್ಮ ಆಯಿ ಯಮನವ್ವ ಹಾಕತೀನಿ ಅಂತ ಜಗಳಾ ಮಾಡಿದ್ಳು. ನಾ ಬ್ಯಾಡಂದೆ. ಕೇಳಾಕಿನೂ ನಾನ, ಒಪ್ಪಾಕಿನೂ ನಾನ ಆದ್ರ ಅದು ಒಪ್ಪಿಗಿ ಹ್ಯಾಂಗಾಕ್ಕೈತ್ರಿ?"

ದೀಪಾಲಿ ಅನುವಾದಿಸಲು ಬಾಯಿ ತೆರೆದಳು. ಹಾಗೆಯೇ ಕಣ್ಣೊರೆಸಿಕೊಳ್ಳುತ್ತ ಕುಳಿತುಬಿಟ್ಟಳು. ನಾನೇ ಎದ್ದು ಹೇಳಬೇಕಾಯಿತು. ಹೇಳುವಾಗ ನನ್ನ ಕಣ್ಣೂ ತುಂಬಿತ್ತು, ಆ ಹುಡುಗಿಯ ಹೆಸರು ತೆಗೆಯಲು ಬೆಳಗ್ಗೆ ನಾನು ಎಷ್ಟು ಹತ್ತಿರ ಬಂದಿದ್ದೆ ಎಂದು ನೆನೆದು.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿಯನ್ನು ಕಂಬಳಿಯ ಹತ್ತಿರ ಎಳೆದುಕೊಂಡರು. ಕಲಮನ್ನು ಮೊದಲಿನಿಂದ ಓದಲು ಕಾಜಲ್‌ಗೆ ಹೇಳಿದರು.